ತುಟಿಯ ಮೇಲಿನ ಐದನೆಯ ಪದ್ಯ

ಮೊದಲಿಗೆ ನಮಸ್ಕಾರ. ಎಂಬತ್ತರ ಸಮೀಪಕ್ಕೆ ಬಂದ ಈ ಕಣ್ಣುಗಳಲ್ಲಿ ಇನ್ನೂ ಅಕ್ಷರ ಗುರುತಿಸುವಷ್ಟು ಬೆಳಕನ್ನು ಉಳಿಸಿರುವ ಪರಶಿವನಿಗೆ. ಪಾಠಶಾಲೆಯ ಕಲ್ಲುಜಗುಲಿಯ ಮೇಲೆ ಕೂರಿಸಿಕೊಂಡು, ಒಂದು ಶಬ್ದವನ್ನು ಅದರ ಬೇರಿನವರೆಗೆ ಹಿಂಬಾಲಿಸಿಕೊಂಡು ಹೋಗುವುದನ್ನು ಕಲಿಸಿದ ಗುರುಗಳಿಗೆ. ಹಸಿದು ಬಂದ ದಿನ ಯಾವ ಮನೆಯ ಹುಡುಗನೆಂದು ಕೇಳದೆ ಎಲೆ ಹಾಕಿದ ಪಾಠಶಾಲೆಯ ಊರಿನ ತಾಯಂದಿರಿಗೆ. ಮತ್ತು ನಲವತ್ತು ವರ್ಷ ನನ್ನ ಬಲಗಡೆಯಲ್ಲಿ ಕುಳಿತು ಕಾವ್ಯ ಓದಿದ ಗೆಳೆಯನಿಗೆ. ಯಾವ ಕೆಲಸವನ್ನೂ ಕೃತಜ್ಞತೆಯಿಂದ ಆರಂಭಿಸುವುದು ನಮ್ಮಲ್ಲಿ ಪದ್ಧತಿ. ಈ ಬರಹದಲ್ಲಿ ಅದನ್ನು ಮೊದಲೇ ಹೇಳಿ ಮುಗಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮುಂದೆ ಬರುವ ಸಂಗತಿಗಳ ನಡುವೆ ಅದಕ್ಕೆ ಸ್ಥಳ ದೊರೆಯಲಾರದು.

ನಮ್ಮ ಸಾಲಿಗ್ರಾಮದ ಕಡೆ ಕಾವ್ಯವಾಚನವೆಂದರೆ ಇಬ್ಬರ ಕೆಲಸ. ಒಬ್ಬನು ಪದ್ಯವನ್ನು ರಾಗದಲ್ಲಿ ಓದುತ್ತಾನೆ. ಅವನು ನಿಲ್ಲಿಸಿದ ಮೇಲೆ ಇನ್ನೊಬ್ಬನು ಅರ್ಥ ಹೇಳುತ್ತಾನೆ. ಓದುವವನು ಬಲಗಡೆ, ಅರ್ಥ ಹೇಳುವವನು ಎಡಗಡೆ. ನಡುವೆ ದೀಪ. ಕೊನೆಯಲ್ಲಿ ಓದಿದವರಿಗೂ ಕೇಳಿದವರಿಗೂ ಓದಿಸಿದವರಿಗೂ ಒಳಿತಾಗಲೆಂದು ಹರಸುವ ಮಂಗಳವು ಓದುವವನಿಗೆ ಮಾತ್ರ ಸೇರಿದ್ದು. ಅರ್ಥ ಹೇಳುವವನು ಎಷ್ಟೇ ದೊಡ್ಡ ಪಂಡಿತನಾಗಿರಲಿ, ಮಂಗಳದ ಹೊತ್ತಿಗೆ ಕೈಮುಗಿದು ಸುಮ್ಮನೆ ಕೂರಬೇಕು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದವನು. ಅರ್ಥ ಹೇಳುವುದು ನನ್ನ ಪಾಲಿಗೆ ಬಂತು. ಗೆಳೆಯನು ನಾಲೆಯ ಕೆಳಗೆ ಭತ್ತ ಬೆಳೆಯುವ ಮನೆತನದವನು. ಮಿಡ್ಲ್ ಸ್ಕೂಲಿಗೆ ಓದು ನಿಲ್ಲಿಸಿದವನು. ಓದು ಅವನ ಪಾಲಿಗೆ ಬಂತು.

ಅವನ ದನಿ ಹೊಳೆಯ ಆಚೆ ದಡಕ್ಕೆ ಕೇಳುತ್ತಿತ್ತೆಂದು ಊರಿನವರು ಹೇಳುವುದುಂಟು. ಅದು ಪ್ರೀತಿಯ ಮಾತು, ನಿಜವಲ್ಲ. ಅದು ದೊಡ್ಡ ದನಿಯಾಗಿರಲಿಲ್ಲ. ಮೇಲಿನ ಸ್ಥಾಯಿಯಲ್ಲಿ ಸ್ವಲ್ಪ ಒಡೆಯುತ್ತಿತ್ತು. ಒಡೆದ ಜಾಗದಲ್ಲಿ ಅವನು ಒಂದು ಕ್ಷಣ ನಿಂತು, ಅದನ್ನು ಮುಚ್ಚಿಡದೆ, ಅಲ್ಲಿಂದಲೇ ಪದ್ಯವನ್ನು ಕೆಳಗಿಳಿಸುತ್ತಿದ್ದನು. ಹೆಂಗಸರು ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದುದು ಆ ಜಾಗದಲ್ಲಿ. ನಾನು ಹೇಳುವ ಅರ್ಥಕ್ಕೆ ಯಾರೂ ಎಂದೂ ಕಣ್ಣೊರೆಸಿಕೊಂಡದ್ದನ್ನು ನಾನು ಕಾಣೆ. ತಲೆದೂಗುತ್ತಿದ್ದರು, ಅಷ್ಟೆ.

ಮೂರು ವರ್ಷಗಳ ಹಿಂದೆ ಅವನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ದನಿಯ ಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನ ಬುಡದಲ್ಲಿ ಉಸಿರಾಟಕ್ಕೆ ಒಂದು ರಂಧ್ರ, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ಹೇಳಬೇಕಾದುದನ್ನು ಮೊಮ್ಮಗಳ ಹಳೆಯ ಸ್ಲೇಟಿನ ಮೇಲೆ ಬಳಪದಿಂದ ಬರೆದು ತೋರಿಸುತ್ತಾನೆ.

ಆ ದನಿಯನ್ನು ಹಿಡಿದಿಟ್ಟವರು ಯಾರೂ ಇರಲಿಲ್ಲ. ಅದಕ್ಕೆ ಕಾರಣ ನಾವಿಬ್ಬರೇ. ಕಾವ್ಯವನ್ನು ದೀಪದೆದುರು ಕುಳಿತು ಕೇಳಬೇಕು. ಊಟ ಮಾಡುತ್ತಲೋ ಮಲಗಿಕೊಂಡೋ ಕೇಳತಕ್ಕದ್ದಲ್ಲವೆಂಬುದು ನಮ್ಮ ನಂಬಿಕೆ. ಹಾಗಾಗಿ ಈಶ್ವರನ ಗುಡಿಯ ಮಂಟಪದಲ್ಲಿ ಯಾರಾದರೂ ಫೋನು ಮೇಲೆತ್ತಿ ಹಿಡಿದರೆ ಅವನು ಪದ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದನು, ನಾನು ಗದರುತ್ತಿದ್ದೆನು. ಒಬ್ಬಳಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದೆವು. ಗಾವಡಗೆರೆಯ ರೈತರ ಮನೆಯ ಮಗಳು, ನಿವೃತ್ತಿಯ ಮೇಲೆ ನಾನು ಮನೆಯಲ್ಲಿ ಪಾಠ ಹೇಳಿದ ಶಿಷ್ಯೆ. ಮೈಸೂರಿನಲ್ಲಿ ಓದಿ, ಕಿರುಚಿತ್ರ ತೆಗೆಯಬೇಕೆಂಬ ಹಂಬಲದಿಂದ ಕ್ಯಾಮೆರಾ ಹೊತ್ತು ಬಂದಿದ್ದಳು. ಅವನ ಕಾಯಿಲೆಗೆ ಸುಮಾರು ಒಂದು ವರ್ಷ ಮುಂಚಿನ ಮಾತು. ಎರಡು ದಿನ ಅವನು ಓದಿದನು, ನಾನು ಅರ್ಥ ಹೇಳಿದೆನು. ಯುದ್ಧ ಮುಗಿದ ಬಯಲಿನಲ್ಲಿ ತಾಯಿಯೊಬ್ಬಳು ಮಗನನ್ನು ಹುಡುಕುವ ಸಂದರ್ಭ, ಒಟ್ಟು ಒಂಬತ್ತು ಪದ್ಯಗಳು.

ಆ ಚಿತ್ರವು ಹುಣಸೂರಿನ ಕಿರುಚಿತ್ರೋತ್ಸವಕ್ಕೆ ಆಯ್ಕೆಯಾಗಿದೆಯೆಂದು ಹೋದ ವರ್ಷ ಅವಳು ತಿಳಿಸಿದಳು. ಹುಡುಗರೇ ಸೇರಿ, ಯಾರ ಹಂಗೂ ಇಲ್ಲದೆ ನಡೆಸುವ ಉತ್ಸವವಂತೆ. ಸುದ್ದಿಯನ್ನು ಹೇಳಲು ಗೆಳೆಯನ ಮನೆಗೆ ಹೋದೆ. ಅವನು ಸ್ಲೇಟನ್ನು ಎಳೆದುಕೊಂಡು ಬರೆದನು: "ನನ್ನ ದನಿ ಕೇಳಬೇಕು." ಬರೆದದ್ದನ್ನು ಅಳಿಸಲಿಲ್ಲ. ನಾನು ಕಾಫಿ ಕುಡಿದು ಏಳುವವರೆಗೂ ಸ್ಲೇಟು ಗೋಡೆಗೆ ಒರಗಿಕೊಂಡು ನನ್ನನ್ನೇ ನೋಡುತ್ತಿತ್ತು.

ಆ ಕ್ಷಣವೇ ನನಗೆ ನೆನಪಾಗಬಾರದ್ದು ನೆನಪಾಯಿತು. ಚಿತ್ರೀಕರಣವಾಗಿ ಕೆಲವು ತಿಂಗಳ ಮೇಲೆ ಒಂದು ದಿನ ಆ ಹುಡುಗಿ ಫೋನು ಮಾಡಿದ್ದಳು. ಗೆಳೆಯನು ಫೋನು ಮುಟ್ಟುವವನಲ್ಲವಾದ್ದರಿಂದ ಎಲ್ಲ ವ್ಯವಹಾರವೂ ನನ್ನ ಮೂಲಕವೇ ನಡೆಯುತ್ತಿತ್ತು.

"ಮೇಷ್ಟ್ರೇ, ಸಿನಿಮಾ ಹತ್ತು ನಿಮಿಷ ಮೀರೋ ಹಂಗಿಲ್ಲ. ತಾತ ಓದಿರೋದು, ನೀವು ಅರ್ಥ ಹೇಳಿರೋದು ಎರಡೂ ಹಿಡಿಸ್ತಿಲ್ಲ. ಒಂದೇ ಇಟ್ಕಬೇಕು ಅಂದ್ರೆ ಯಾವ್ದು ಇಟ್ಕಳ್ಳಿ?"

ನಾನು ಬಹಳ ಯೋಚಿಸಲಿಲ್ಲ. "ಅರ್ಥವನ್ನೇ ಇಟ್ಟುಕೊಳ್ಳಮ್ಮ," ಎಂದೆ. "ಬರಿಯ ಪದ್ಯ ಕೇಳಿಸಿದರೆ ಈ ಕಾಲದವರಿಗೆ ಏನು ತಿಳಿದೀತು? ಓದು ಎಲ್ಲಿಗೆ ಹೋಗುತ್ತದೆ? ಅವನು ಇಲ್ಲಿಯೇ ಇದ್ದಾನೆ. ಯಾವಾಗ ಬೇಕಾದರೂ ಓದಿಸಬಹುದು."

ಈ ಮಾತನ್ನು ನಾನು ಗೆಳೆಯನಿಗೆ ತಿಳಿಸಿರಲಿಲ್ಲ. ಆಗ ತಿಳಿಸುವಂಥ ವಿಷಯವೆಂದು ತೋರಲಿಲ್ಲ. ಆಮೇಲೆ ತಿಳಿಸುವ ಧೈರ್ಯ ಬರಲಿಲ್ಲ. ಅವಳು ಒಂದೆರಡು ಪದ್ಯವನ್ನಾದರೂ ಉಳಿಸಿಕೊಂಡಿರುತ್ತಾಳೆ, ಮಕ್ಕಳು ದೊಡ್ಡವರ ಮಾತನ್ನು ಅಕ್ಷರಶಃ ಎಲ್ಲಿ ಪಾಲಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಫೋನು ಮಾಡಿ ಕೇಳಬಹುದಾಗಿತ್ತು. ಕೇಳಲಿಲ್ಲ.

ಉತ್ಸವದ ದಿನ ಬೆಳಗ್ಗೆ ಪೂಜೆ ಮುಗಿಸಿ ಬಸ್ ನಿಲ್ದಾಣಕ್ಕೆ ಹೋದಾಗ ಅವನು ಆಗಲೇ ಬಂದು ನಿಂತಿದ್ದನು. ಸ್ನಾನವಾಗಿ, ಹಣೆಯ ಮೇಲೆ ಮೂರೆಳೆ ವಿಭೂತಿ. ವಾಚನದ ದಿನ ಮಾತ್ರ ಹೊದೆಯುತ್ತಿದ್ದ ಕೆಂಪಂಚಿನ ಶಲ್ಯವನ್ನು ಹೊದ್ದಿದ್ದನು. ಕತ್ತಿನ ಬಟ್ಟೆಯೂ ಹೊಸದು. ಕೃಷ್ಣರಾಜನಗರದಲ್ಲಿ ಇಳಿದು ಹುಣಸೂರಿನ ಬಸ್ಸು ಹಿಡಿದೆವು. ಆಧಾರ್ ಕಾರ್ಡು ಹಿಡಿದ ಹೆಂಗಸರಿಂದ ಬಸ್ಸು ತುಂಬಿತ್ತು. ಅವರಲ್ಲಿ ಒಬ್ಬಾಕೆ ಶಲ್ಯವನ್ನು ನೋಡಿ, ಮದುವೆಗೆ ಹೊರಟವರೆಂದುಕೊಂಡಳೋ ಏನೋ, ಎದ್ದು ಅವನಿಗೆ ಜಾಗ ಕೊಟ್ಟಳು.

ಕಂಡಕ್ಟರು ಅವನ ಮುಂದೆ ನಿಂತು, "ಎಲ್ಲಿಗ್ ತಾತ? ಬಾಯಿ ಬುಟ್ಟು ಯೋಳಿ, ಟೈಮಾಯ್ತದೆ," ಎಂದನು.

ಗೆಳೆಯನು ಚೀಲದಿಂದ ಸ್ಲೇಟು ತೆಗೆದು ತೋರಿಸಿದನು. "ಹುಣಸೂರು, ಇಬ್ಬರು" ಎಂದು ಮನೆಯಲ್ಲಿಯೇ ಬರೆದುಕೊಂಡು ಬಂದಿದ್ದನು. ಕಂಡಕ್ಟರನ ಕಣ್ಣು ಸ್ಲೇಟಿನಿಂದ ಕತ್ತಿನ ಬಟ್ಟೆಗೆ ಹೋಯಿತು. ಮಾತಿಲ್ಲದೆ ಚೀಟಿ ಹರಿದು ಕೊಟ್ಟು, ಮುಂದಿನ ಸೀಟಿನವರನ್ನು ಸುಮ್ಮನೆ ಜೋರಾಗಿ ಬೈಯುತ್ತ ಹೋದನು.

ಹುಣಸೂರಿನ ನಿಲ್ದಾಣದಲ್ಲಿ ನಮ್ಮ ಮೂರನೆಯ ಗೆಳೆಯನು ಕಾಯುತ್ತಿದ್ದನು. ಪಿರಿಯಾಪಟ್ಟಣದ ತಂಬಾಕಿನ ವ್ಯಾಪಾರಿ. ಓದುವ ಗೆಳೆಯನೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತವನು. ಅವನು ಮಾತನಾಡಿದರೆ ಹರಾಜು ಕಟ್ಟೆಯಲ್ಲಿ ನಿಂತಂತೆಯೇ.

"ಏನ್ ಮೇಷ್ಟ್ರೇ, ರಾಹುಕಾಲ ಗುಳಿಕಕಾಲ ಎಲ್ಲಾ ನೋಡ್ಕಂಡು ಬಸ್ ಅತ್ತಿದ್ರಾ? ಒಂದ್ ಗಂಟೆಯಿಂದ ಕಾಯ್ತಾ ಇವ್ನಿ ಕಣ್ರೀ!" ಆಮೇಲೆ ಓದುವವನ ಕಡೆಗೆ ತಿರುಗಿ, "ಏನ್ಲಾ ಇದು, ಶಲ್ಯ ಗಿಲ್ಯ? ಈರೋ ಆಗೋಗಿದ್ದೀಯ ಬುಡು. ಇನ್ಮೇಲೆ ನಮ್ನೆಲ್ಲ ಮಾತಾಡ್ಸ್ತೀಯೋ ಇಲ್ವೋ?"

ಓದುವವನು ಸ್ಲೇಟಿನಲ್ಲಿ ಬರೆದನು: "ಇಲ್ಲ." ಮೂವರೂ ನಕ್ಕೆವು. ಅವನ ನಗೆಗೂ ಸದ್ದಿಲ್ಲ. ಹೆಗಲು ಅಲುಗುತ್ತದೆ, ಕತ್ತಿನ ಬಟ್ಟೆ ಉಬ್ಬಿ ಇಳಿಯುತ್ತದೆ.

ಉತ್ಸವ ನಡೆಯುತ್ತಿದ್ದುದು ಊರಾಚೆಯ ಒಂದು ಮದುವೆ ಛತ್ರದಲ್ಲಿ. ಕತ್ತಲೆಗಾಗಿ ಕಿಟಕಿಗಳಿಗೆಲ್ಲ ಟಾರ್ಪಾಲು ಬಿಗಿದಿದ್ದರು. ಒಳಗೆ ಕಾಲಿಟ್ಟೊಡನೆ ಒಣಗಿದ ಹೊಗೆಸೊಪ್ಪಿನ ಗಾಢ ವಾಸನೆ.

"ನಮ್ದೇ ಟಾರ್ಪಾಲು," ಎಂದು ವ್ಯಾಪಾರಿ ಹೆಮ್ಮೆಯಿಂದ ಹೇಳಿದನು. "ಸೊಪ್ಪಿನ್ ಬೇಲ್ ಮೇಲೆ ಹೊದ್ಸೋದು. ಐಕ್ಳು ಬಂದು ಕೇಳುದ್ವು, ತಕಂಡೋಗಿ ಅಂದೆ." ಇದ್ದಕ್ಕಿದ್ದಂತೆ ಅವನ ದನಿ ತಗ್ಗಿತು. "ಈ ವಾಸ್ನೆಗೆ ಇವ್ನಿಗೆ ಏನಾರಾ ಆಗಾಕಿಲ್ವಾ ಮೇಷ್ಟ್ರೇ?"

ಆಗುವುದಿಲ್ಲವೆಂದೆ. ಉಸಿರು ಮೂಗಿನ ಮೂಲಕ ಹೋಗದವನಿಗೆ ವಾಸನೆಯೂ ತಿಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ವ್ಯಾಪಾರಿ ಟಾರ್ಪಾಲಿನ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದನು. "ಐವತ್ ವರ್ಷ ಸೊಪ್ಪಿನ್ ಧೂಳು ಕುಡ್ದೋನು ನಾನು ಗುಂಡ್ಕಲ್ಲಿನಂಗೆ ಇವ್ನಿ. ಇವ್ನು ಒಂದ್ ಎಲೆ ಮುಟ್ಟಿದೋನಲ್ಲ," ಎಂದನು. ಇದನ್ನು ಅವನು ಮೂರು ವರ್ಷಗಳಿಂದ ಹೇಳುತ್ತ ಬಂದಿದ್ದಾನೆ.

ನಾವಿಬ್ಬರೂ ಚಪ್ಪಲಿಯನ್ನು ಬಾಗಿಲಿನ ಹೊರಗೆ ಬಿಟ್ಟು ಒಳಗೆ ಹೋದೆವು. ಉಳಿದವರೆಲ್ಲ ಬೂಟಿನಲ್ಲಿಯೇ ಓಡಾಡುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ಮೂರನೆಯ ಸಾಲಿನಲ್ಲಿ ಕುಳಿತೆವು. ಅವನು ಎಂದಿನಂತೆ ನನ್ನ ಬಲಗಡೆ.

ನಮ್ಮ ಚಿತ್ರಕ್ಕೆ ಮೊದಲು ಬೇರೆ ಚಿತ್ರಗಳಿದ್ದವು. ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಹೊಲದಲ್ಲಿ ಮುದುಕಿಯೊಬ್ಬಳು ತಟ್ಟೆ ಬಡಿಯುತ್ತ ಆನೆಗಾಗಿ ಕಾಯುತ್ತಾಳೆ. ಆನೆ ಬರುವ ಮೊದಲೇ ಚಿತ್ರ ಮುಗಿಯಿತು.

"ಆನೆ ಎಲ್ಲಿ?" ಎಂದು ವ್ಯಾಪಾರಿ ಸಭೆಗೆಲ್ಲ ಕೇಳುವಂತೆ ಕೇಳಿದನು.

ಹಿಂದಿನ ಸಾಲಿನಿಂದ ಅದನ್ನು ತೆಗೆದ ಯುವಕನೇ ಉತ್ತರಿಸಿದನು. "ಆನೆ ಬರ್ದೇ ಇರೋದೇ ಪಾಯಿಂಟು ಸಾರ್."

"ಪಾಯಿಂಟು ಮಡಿಕ್ಕಳಪ್ಪ. ಆನೆ ಸಿನ್ಮಾ ಅಂದ್ಮೇಲೆ ಒಂದ್ ಬಾಲನಾರ ತೋರುಸ್ಬಾರ್ದಾ?"

ಸಭೆ ನಕ್ಕಿತು. ಇನ್ನೊಂದು ಚಿತ್ರದಲ್ಲಿ ಪಿರಿಯಾಪಟ್ಟಣದ ಬೇಕರಿಯೊಂದರ ಮಲಯಾಳಿ ವೃದ್ಧನು ಮುಂಜಾನೆ ಬನ್ನು ಬೇಯಿಸುತ್ತಿದ್ದನು. ನನ್ನ ಬಲಗಡೆಯವನು ಯಾವುದನ್ನೂ ನೋಡುತ್ತಿರಲಿಲ್ಲವೆಂದು ತೋರುತ್ತದೆ. ಅವನ ಎರಡು ಕೈಗಳೂ ಸ್ಲೇಟಿನ ಚೌಕಟ್ಟನ್ನು ಹಿಡಿದಿದ್ದವು. ಪ್ರತಿ ಚಿತ್ರ ಮುಗಿದಾಗಲೂ ಮುಂದಿನದು ನಮ್ಮದೇ ಎಂದುಕೊಂಡು ಬೆನ್ನು ನೆಟ್ಟಗೆ ಮಾಡುತ್ತಿದ್ದನು. ನಾನು ಮನಸ್ಸಿನಲ್ಲಿಯೇ ಪಂಚಾಕ್ಷರಿಯನ್ನು ಜಪಿಸುತ್ತಿದ್ದೆ. ಒಂದು ಪದ್ಯ, ಸ್ವಾಮೀ, ಅರ್ಧ ಪದ್ಯವಾದರೂ ಸಾಕು ಎಂದು ಬೇಡುತ್ತಿದ್ದೆ. ಮಾಡಿಯಾಗಿರುವುದನ್ನು ಆಗದಂತೆ ಮಾಡೆಂದು ದೇವರನ್ನು ಬೇಡಬಾರದೆಂದು ಅದೆಷ್ಟು ಮಕ್ಕಳಿಗೆ ಪಾಠ ಹೇಳಿದ್ದೆನೋ!

ಪರದೆಯ ಮೇಲೆ ನಮ್ಮ ಗುಡಿಯ ಮಂಟಪ ಮೂಡಿತು. ಕಂಬ, ದೀಪ, ದೀಪದ ಹಿಂದೆ ನನ್ನ ಗೆಳೆಯನ ಮುಖ. ಬಟ್ಟೆಯಿಲ್ಲದ, ಇಡಿಯಾದ ಕತ್ತು. ಅವನು ಕಣ್ಣು ಮುಚ್ಚಿ, ಓದುವ ಮೊದಲು ಎಂದಿನಂತೆ ದೀರ್ಘವಾಗಿ ಉಸಿರೆಳೆದುಕೊಂಡನು. ಆ ಉಸಿರಿನ ಸದ್ದು ದೊಡ್ಡ ಸ್ಪೀಕರುಗಳಲ್ಲಿ ಛತ್ರವನ್ನೆಲ್ಲ ತುಂಬಿತು. ನನ್ನ ಪಕ್ಕದಲ್ಲಿ ಅವನ ಬೆನ್ನು ನೆಟ್ಟಗಾಯಿತು. ಪರದೆಯ ಮೇಲೆ ತುಟಿ ತೆರೆಯಿತು.

ನನ್ನ ದನಿ ಕೇಳಿಸಿತು.

"ಇಲ್ಲಿ ಕವಿಯು ತಾಯಿಯ ಸ್ಥಿತಿಯನ್ನು ಹೇಳುವುದಕ್ಕೆ ಮೊದಲು ಬಯಲಿನ ಸ್ಥಿತಿಯನ್ನು ಹೇಳುತ್ತಾನೆ…" ಹಾಗೆಂದು ನಾನು ಆರಂಭಿಸಿದ್ದೆ. ಸ್ಪಷ್ಟವಾದ, ಕಲಿತವನ, ತಪ್ಪಿಲ್ಲದ ದನಿ. ಅದು ನಿಲ್ಲಲೇ ಇಲ್ಲ. ಹತ್ತು ನಿಮಿಷವೂ ನಾನು ಅರ್ಥ ಹೇಳುತ್ತಲೇ ಇದ್ದೆ. ಪರದೆಯ ಮೇಲೆ ಮಾತ್ರ ಅವನ ಮುಖ. ಹುಬ್ಬು ಏರುತ್ತದೆ, ಕತ್ತಿನ ನರ ಬಿಗಿಯುತ್ತದೆ, ತುಟಿ ಚಲಿಸುತ್ತದೆ. ಒಂದೇ ಒಂದು ಸ್ವರವೂ ಹೊರಗೆ ಬರುವುದಿಲ್ಲ.

ವ್ಯಾಪಾರಿ ಕತ್ತಲಲ್ಲಿ ಕೂಗಿದನು: "ಲೇ, ಮಾತು ಸಾಕ್ ಮಾಡಿ ಓದುಸ್ರೋ! ಅವ್ನ್ ದನಿ ಎಲ್ರೋ?"

ಯಾರೋ ಶ್ ಎಂದರು. ಆಗ ನನ್ನ ಬಲಗಡೆ ಏನೋ ಸಣ್ಣ ಸದ್ದು. ತಿರುಗಿ ನೋಡಿದೆ. ಗೆಳೆಯನ ಬಲಗೈ ತೊಡೆಯ ಮೇಲೆ ಪದ್ಯದ ಗಣಗಳನ್ನು ತಟ್ಟುತ್ತಿತ್ತು. ಅವನು ಪರದೆಯ ಮೇಲಿನ ತನ್ನ ತುಟಿಯನ್ನು ಓದುತ್ತಿದ್ದನು. ಯಾವ ಪದ್ಯ, ಯಾವ ಸಾಲು, ಎಲ್ಲಿ ನಿಲುಗಡೆ ಎಂಬುದು ಆ ಛತ್ರದಲ್ಲಿ ಅವನೊಬ್ಬನಿಗೆ ಮಾತ್ರ ಕಾಣುತ್ತಿತ್ತು. ಬೆರಳು ಮಡಿಸುತ್ತ, ಕೈ ತಿರುಗಿಸುತ್ತ, ಒಂದು ಗಣವೂ ತಪ್ಪದಂತೆ ಎಣಿಸುತ್ತಿದ್ದನು. ನಡುವೆ ಒಂದು ಕಡೆ ಕೈ ನಿಂತುಹೋಯಿತು. ದನಿ ಒಡೆಯುತ್ತಿದ್ದ ಜಾಗ ಅದೇ ಇರಬೇಕು. ನನ್ನ ದನಿ ಆಗ ಒಂದು ಸಮಾಸವನ್ನು ಬಿಡಿಸುತ್ತಿತ್ತು.

ಚಿತ್ರ ಮುಗಿದಾಗ ಜೋರಾದ ಚಪ್ಪಾಳೆ ಬಂತು. ಹುಡುಗಿಯನ್ನು ವೇದಿಕೆಗೆ ಕರೆದರು. ಮೈಸೂರಿನಿಂದ ಬಂದಿದ್ದ ತೀರ್ಪುಗಾರರೊಬ್ಬರು ಮೈಕು ಹಿಡಿದು, "ಈ ಚಿತ್ರದ ದೊಡ್ಡ ಸಾಧನೆಯೆಂದರೆ ಹಾಡುವವನ ದನಿಯನ್ನೇ ಕಿತ್ತುಕೊಂಡಿರುವುದು. ವಿದ್ವತ್ತಿನ ಮಾತು ಹಾಡನ್ನು ಹೇಗೆ ನುಂಗುತ್ತದೆ ಎಂಬುದನ್ನು ಎಷ್ಟು ಧೈರ್ಯವಾಗಿ ತೋರಿಸಿದ್ದೀರಿ! ಈ ಆಲೋಚನೆ ನಿಮಗೆ ಹೇಗೆ ಬಂತು?" ಎಂದು ಕೇಳಿದರು.

ಅವಳು ನಮ್ಮ ಸಾಲನ್ನು ನೋಡಿದಳು. ಶಲ್ಯವನ್ನು ಕಂಡಳು, ಕತ್ತಿನ ಬಟ್ಟೆಯನ್ನು ಕಂಡಳು. ಅವನಿಗೆ ಹೀಗಾಗಿರುವುದು ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ನಾನು ತಿಳಿಸಿರಲಿಲ್ಲ.

"ಆಲೋಚನೆ ಏನಿಲ್ಲ ಸರ್," ಎಂದಳು. "ಟೈಮ್ ಸಾಲ್ಲಿಲ್ಲ."

ಅದನ್ನು ವಿನಯವೆಂದು ತಿಳಿದು ಸಭೆ ಮತ್ತೆ ಚಪ್ಪಾಳೆ ತಟ್ಟಿತು.

ಚಹಾ ವಿರಾಮದಲ್ಲಿ ಮೂವರೂ ಛತ್ರದ ಹೊರಗಿನ ಹೊಂಗೆಮರದ ಕೆಳಗೆ ನಿಂತೆವು. ಗೆಳೆಯನು ನನಗೆ ಬೆನ್ನು ಮಾಡಿ ಏನೋ ಬರೆದು, ತಿರುಗಿಸಿ ತೋರಿಸಿದನು:

"ತುಟಿ ಐದನೆಯ ಪದ್ಯ. ಅರ್ಥ ಮೂರನೆಯದು."

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಮರದ ಕಟ್ಟೆಯ ಮೇಲೆ ಕುಳಿತೆ. ಮೂರನೆಯ ಪದ್ಯದಲ್ಲಿ ತಾಯಿ ಇನ್ನೂ ಹುಡುಕುತ್ತಿದ್ದಾಳೆ. ಐದನೆಯದರಲ್ಲಿ ಮಗನು ಸಿಕ್ಕಿದ್ದಾನೆ, ಸತ್ತಿದ್ದಾನೆ. ಪರದೆಯ ಮೇಲೆ ಅವನು ಅಳುವ ತಾಯಿಯನ್ನು ಓದುತ್ತಿದ್ದರೆ, ನಾನು ಬಯಲಿನ ಹದ್ದುಗಳ ವರ್ಣನೆಯನ್ನು ವಿವರಿಸುತ್ತಿದ್ದೆ. ಚಿತ್ರ ಜೋಡಿಸುವಾಗ ಹುಡುಗಿ ಅವನ ಮುಖ ಎಲ್ಲಿ ಚೆನ್ನಾಗಿ ಕಂಡಿತೋ ಅದನ್ನು ತೆಗೆದುಕೊಂಡಿದ್ದಳು. ಅವಳಿಗೆ ಅದು ಗೊತ್ತಾಗುವಂತಿಲ್ಲ. ನನಗೆ ಗೊತ್ತಾಗಬೇಕಾಗಿತ್ತು. ನಲವತ್ತು ವರ್ಷ ಆ ತುಟಿಯ ಪಕ್ಕದಲ್ಲಿ ಕುಳಿತವನು ನಾನು. ಹತ್ತು ನಿಮಿಷವೂ ನನ್ನ ದನಿಯನ್ನೇ ಕೇಳುತ್ತ, ನಾಚಿಕೆಪಡುತ್ತ ಕುಳಿತಿದ್ದೆನೇ ಹೊರತು ಅವನ ತುಟಿ ಏನು ಓದುತ್ತಿದೆಯೆಂದು ನೋಡಿರಲಿಲ್ಲ. ಉಳಿಯಲೆಂದು ನಾನು ಆರಿಸಿದ್ದ ಅರ್ಥವೂ ಹೀಗೆ ಉಳಿದಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಓಡಿಬಂದಳು. ಗೆಳೆಯನ ಕಾಲು ಮುಟ್ಟಿ, ಅಲ್ಲಿಯೇ ಕುಕ್ಕುರುಗಾಲಿನಲ್ಲಿ ಕುಳಿತುಬಿಟ್ಟಳು. "ತಾತ, ಯಾವಾಗಾಯ್ತು ಇದು? ನಂಗ್ಯಾರೂ ಹೇಳ್ಲೇ ಇಲ್ಲ."

ವ್ಯಾಪಾರಿ ಅಡ್ಡ ಬಂದನು. "ಅದಿರ್ಲಿ ಬುಡವ್ವ. ಇವ್ನು ಓದಿರದು ಎಲ್ಲೈತೆ? ಇಲ್ಲಿ ಬ್ಯಾಡ, ಮನೇಲಿ ಐತಾ? ಕಂಪ್ಯೂಟ್ರಲ್ಲಿ? ನಾನೇ ನಾಳೀಕೆ ಬತ್ತೀನಿ ಗಾವಡಗೆರೆಗೆ."

ಅವಳು ತಲೆ ಅಲ್ಲಾಡಿಸಿದಳು. "ಕ್ಯಾಮೆರಾ, ಕಾರ್ಡು ಎಲ್ಲಾ ಬಾಡಿಗೇದು ದೊಡ್ಡಪ್ಪ. ವಾಪಸ್ ಕೊಡೋವಾಗ ಖಾಲಿ ಮಾಡಿ ಕೊಡ್ಬೇಕು. ನನ್ ಲ್ಯಾಪ್‌ಟಾಪಲ್ಲೂ ಜಾಗ ಇರ್ಲಿಲ್ಲ. ಸಿನಿಮಾ ಆದ್ಮೇಲೆ ಮಿಕ್ಕಿದ್ದೆಲ್ಲ ಅಳಿಸ್ಬಿಟ್ಟೆ. ಅವಾಗ ತಾತ ಚೆನ್ನಾಗೇ ಇದ್ರು…"

"ಒಂದ್ ಚೂರೂ ಇಲ್ವಾ?"

"ಶುರುವಲ್ಲಿ ಬತ್ತದಲ್ಲ ಉಸ್ರು. ಅದೊಂದೇ."

"ಅರ್ಥ ಇಟ್ಕಂಡು ಓದ್ನ ಯಾಕ್ ಅಳ್ಸಿದ್ಯವ್ವ? ಯಾವ್ ಪುಣ್ಯಾತ್ಮ ಯೋಳ್ದ ನಿಂಗೆ?"

ಹುಡುಗಿ ನನ್ನ ಕಡೆ ನೋಡಲಿಲ್ಲ. ನೆಲವನ್ನು ನೋಡುತ್ತ, "ನಾನೇ," ಎಂದಳು. "ನಂಗೇ ಹಂಗನ್ನಿಸ್ತು."

ಶಿಷ್ಯೆಯೊಬ್ಬಳು ಗುರುವಿಗಾಗಿ ಸುಳ್ಳು ಹೇಳುವುದನ್ನು ಕೇಳಿಸಿಕೊಂಡು ಬದುಕುವಷ್ಟು ದೊಡ್ಡ ಪಾಪ ಇನ್ನೊಂದಿಲ್ಲವೆಂದು ನನಗೆ ಆಗ ಅನ್ನಿಸಿತು. "ಅವಳಲ್ಲ," ಎಂದೆ. "ಅವಳು ನನ್ನನ್ನು ಕೇಳಿದಳು. ಅರ್ಥವನ್ನು ಉಳಿಸು, ಓದನ್ನು ಯಾವಾಗ ಬೇಕಾದರೂ ಮಾಡಿಸಬಹುದು ಎಂದು ಹೇಳಿದವನು ನಾನು. ಇವನನ್ನು ಒಂದು ಮಾತು ಕೇಳದೆ ಹೇಳಿದೆ. ಈವರೆಗೂ ಮುಚ್ಚಿಟ್ಟುಕೊಂಡೆ."

ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ವ್ಯಾಪಾರಿ ನನ್ನ ಕಡೆಗೆ ತಿರುಗಿದನು. ಅವನು ನನ್ನನ್ನು ಎಂದೂ ಬೈದವನಲ್ಲ. ಅಂದೂ ಬೈಯಲಿಲ್ಲ.

"ನಲವತ್ ವರ್ಷ ಮೇಷ್ಟ್ರೇ," ಎಂದನು. "ಅವ್ನು ಓದ್ವಾಗ ನೀವು ಕೇಳ್ತಾ ಇದ್ರೋ, ಇಲ್ಲಾ ನಿಮ್ಮ ಸರದಿ ಯಾವಾಗ ಬತ್ತದೆ ಅಂತ ಕಾಯ್ತಾ ಇದ್ರೋ?"

ಗೆಳೆಯನು ಸ್ಲೇಟನ್ನು ಶಲ್ಯದ ಕೆಂಪಂಚಿನಿಂದ ಒರೆಸಿದನು. ಈಗ ಏನೋ ಬರೆಯುತ್ತಾನೆಂದು ಮೂವರೂ ಕಾದೆವು. ಅವನು ಬಳಪವನ್ನು ಜೇಬಿಗೆ ಹಾಕಿ, ಸ್ಲೇಟನ್ನು ಚೀಲಕ್ಕೆ ಇಟ್ಟುಕೊಂಡನು. ಆಮೇಲೆ ಹುಡುಗಿಯ ಫೋನಿನ ಕಡೆ ಬೆರಳು ತೋರಿ, ಕಿವಿಯನ್ನು ಮುಟ್ಟಿಕೊಂಡನು.

ಅವಳು ಚಿತ್ರದ ಆರಂಭವನ್ನು ಹಚ್ಚಿ ಅವನ ಕಿವಿಗೆ ಹಿಡಿದಳು. ರಸ್ತೆಯ ಗದ್ದಲದಲ್ಲಿ ನಮಗೆ ಏನೂ ಕೇಳಿಸಲಿಲ್ಲ. ಅವನು ಕಣ್ಣು ಮುಚ್ಚಿದನು. ನನ್ನ ದನಿ ಆರಂಭವಾಗುತ್ತಿದ್ದಂತೆ ಕೈಯೆತ್ತಿ ನಿಲ್ಲಿಸಿ, ಮತ್ತೊಮ್ಮೆ ಎಂದು ಸನ್ನೆ ಮಾಡಿದನು. ಹೀಗೆ ಎಷ್ಟು ಸಲ ಕೇಳಿದನೋ. ಪ್ರತಿ ಸಲವೂ ಆ ಹಳೆಯ ಉಸಿರಿನ ಜೊತೆಗೆ ಅವನ ಕತ್ತಿನ ಬಟ್ಟೆ ಒಳಗೆ ಸೆಳೆದುಕೊಳ್ಳುತ್ತಿತ್ತು. ಪ್ರತಿ ಸಲವೂ ನನ್ನ ಮೊದಲ ಶಬ್ದಕ್ಕೆ ಅವನ ಕೈ ಮೇಲೇಳುತ್ತಿತ್ತು. ಕೊನೆಗೆ ಫೋನನ್ನು ಅವಳ ಕೈಗೆ ಕೊಟ್ಟು, ಅವಳ ತಲೆಯ ಮೇಲೆ ಕೈಯಿಟ್ಟನು. ನನ್ನ ಕಡೆ ನೋಡಲಿಲ್ಲ. ಸಿಟ್ಟಿನಿಂದ ಎಂದು ನನಗೆ ಅನ್ನಿಸಲಿಲ್ಲ. ಸಿಟ್ಟಾಗಿದ್ದರೆ ಬಹುಶಃ ಒಳ್ಳೆಯದಾಗುತ್ತಿತ್ತು.

ಸಮಾರೋಪದ ಹೊತ್ತಿಗೆ ಸಂಘಟಕ ಯುವಕನೊಬ್ಬನು ಬಂದು, ಹಿರಿಯರು ವೇದಿಕೆಗೆ ಬಂದು ಎಲ್ಲರನ್ನೂ ಹರಸಬೇಕೆಂದು ಕೇಳಿಕೊಂಡನು. ಗೆಳೆಯನು ಕೈ ಅಲ್ಲಾಡಿಸಿದನು. ಯುವಕನು ನನ್ನತ್ತ ತಿರುಗಿದನು.

"ಮಂಗಳ ಓದುವವನದಪ್ಪ. ನಾನು ಹೇಳುವಂತಿಲ್ಲ."

"ಎರಡ್ ಮಾತು ಸಾಕು ಸಾರ್. ನೀವು ಅಷ್ಟ್ ಚೆನ್ನಾಗಿ ಮಾತಾಡ್ತೀರ, ಈಗ ತಾನೆ ಕೇಳುದ್ವಲ್ಲ."

ಅದಕ್ಕೆ ನಾನು ಕೈಮುಗಿದೆ. ಮಂಗಳವಿಲ್ಲದೆಯೇ ಉತ್ಸವ ಮುಗಿಯಿತು. ಹುಡುಗಿಯ ಚಿತ್ರಕ್ಕೆ ಎರಡನೆಯ ಬಹುಮಾನ ಬಂದಿತೆಂದು ಆಮೇಲೆ ತಿಳಿಯಿತು. ಅದನ್ನು ತೆಗೆದುಕೊಳ್ಳುವ ಹೊತ್ತಿಗೆ ಅವಳು ಛತ್ರದಲ್ಲಿರಲಿಲ್ಲ. ನಮ್ಮನ್ನು ಬಸ್ಸಿಗೆ ಹತ್ತಿಸಲು ನಿಲ್ದಾಣಕ್ಕೆ ಬಂದಿದ್ದಳು. ವ್ಯಾಪಾರಿ ಕಿಟಕಿಯ ಬಳಿ ನಿಂತು, "ಬತ್ತೀನ್ಲಾ ಭಾನುವಾರ. ಅಂಗೇ ಕೂತ್ಕಬ್ಯಾಡ ಮಂಕಾಗಿ," ಎಂದು ಅವನಿಗೆ ಹೇಳಿದನು.

ಬಸ್ಸಿನಲ್ಲಿ ನನ್ನ ಬಲಗಡೆಯ ಜಾಗ ಖಾಲಿಯಿತ್ತು. ಗೆಳೆಯನು ಅದನ್ನು ದಾಟಿ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತನು. ಬಿಸಿಲು ಇನ್ನೂ ಇತ್ತು. ಊರು ಬರುವವರೆಗೂ ನನ್ನ ಬೆನ್ನ ಹಿಂದೆ ಕತ್ತಿನ ಮೂಲಕ ಉಸಿರಾಡುವ ಸದ್ದು ಕೇಳಿಸುತ್ತಿತ್ತು. ಆ ದಾರಿಯುದ್ದಕ್ಕೂ ನಾನು ಅದನ್ನು ಮಾತ್ರ ಕೇಳಿದೆ. ಬೇರೆ ಏನನ್ನೂ ಯೋಚಿಸಲಿಲ್ಲ. ಅವನನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲಿರಬೇಕು.

ಈಗಲೂ ಅವನು ಸೋಮವಾರಗಳಂದು ಗುಡಿಗೆ ಬರುತ್ತಾನೆ. ವಿಭೂತಿ ಇಟ್ಟುಕೊಂಡು, ಪ್ರದಕ್ಷಿಣೆ ಮಾಡಿ ಹೋಗುತ್ತಾನೆ. ನನ್ನನ್ನು ಕಂಡರೆ ಕೈಮುಗಿಯುತ್ತಾನೆ. ಆದರೆ ಸ್ಲೇಟನ್ನು ತರುವುದಿಲ್ಲ. ಕೃಷ್ಣರಾಜನಗರದ ಒಬ್ಬ ತರುಣನು ಚೆನ್ನಾಗಿ ಓದುತ್ತಾನೆಂದು, ಅವನ ಜೊತೆಗೆ ಕುಳಿತು ಅರ್ಥ ಹೇಳಬೇಕೆಂದು ಊರಿನವರು ಕರೆದರು. ಒಂದು ದಿನ ಹೋಗಿ ಕುಳಿತೆ. ಅವನು ಪದ್ಯ ನಿಲ್ಲಿಸಿದಾಗ ಎಲ್ಲರೂ ನನ್ನ ಮುಖ ನೋಡಿದರು. ನನಗೆ ಮಾತು ಬರಲಿಲ್ಲ. ಆಮೇಲೆ ನನ್ನನ್ನು ಕರೆಯುವುದನ್ನು ಬಿಟ್ಟಿದ್ದಾರೆ.

ಅಂದು ಹೇಳದೆ ಉಳಿದ ಮಂಗಳವು ಉಳಿದೇ ಇದೆ. ಅದನ್ನು ಹಾಡಬೇಕಾದವನು ಹಾಡಲಾರ. ಹಾಡುವ ಅಧಿಕಾರ ನನಗಿಲ್ಲ. ಬರೆಯಬಾರದೆಂದು ಯಾವ ಹಿರಿಯರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ. ಕಿಟಕಿಗೆ ಟಾರ್ಪಾಲು ಕಟ್ಟಿ, ಕುರ್ಚಿ ಹೊತ್ತು, ನಮ್ಮನ್ನು ಆದರದಿಂದ ಕೂರಿಸಿದ ಆ ಮಕ್ಕಳಿಗೆ ಒಳ್ಳೆಯದಾಗಲಿ. ಆನೆ ಬಾರದ ಚಿತ್ರ ತೆಗೆದವನಿಗೂ, ಬನ್ನು ಬೇಯಿಸುವ ವೃದ್ಧನಿಗೂ, ಬಸ್ಸಿನಲ್ಲಿ ಜಾಗ ಕೊಟ್ಟ ತಾಯಿಗೂ, ಸ್ಲೇಟು ಓದಿ ಮಾತು ನಿಲ್ಲಿಸಿದ ಕಂಡಕ್ಟರಿಗೂ ಒಳ್ಳೆಯದಾಗಲಿ. ನನ್ನನ್ನು ಆ ಒಂದು ಪ್ರಶ್ನೆ ಕೇಳಿದ ವ್ಯಾಪಾರಿ ಗೆಳೆಯನಿಗೆ ಆಯುಷ್ಯ ದೊರೆಯಲಿ. ಗುರುವಿನ ಮಾತನ್ನು ಅಕ್ಷರಶಃ ನಡೆಸಿದ, ಗುರುವಿಗಾಗಿ ಸುಳ್ಳು ಹೇಳಿದ ಮಗಳ ಮನಸ್ಸಿಗೆ ಶಾಂತಿ ದೊರೆಯಲಿ. ಅವಳು ಇನ್ನು ಮುಂದೆ ಏನನ್ನೂ ಅಳಿಸದಿರಲಿ. ಓದಿದವನ ಕತ್ತಿನ ಬಟ್ಟೆ ಸದಾ ಶುಭ್ರವಾಗಿರಲಿ, ಚಳಿಗಾಲದಲ್ಲಿ ಅವನಿಗೆ ಕೆಮ್ಮು ಬಾರದಿರಲಿ, ಅವನ ಉಸಿರು ಸುಗಮವಾಗಿರಲಿ. ಆ ಮಧ್ಯಾಹ್ನ ಅಲ್ಲಿ ಕುಳಿತಿದ್ದ ಎಲ್ಲರಿಗೂ, ಅವನ ತುಟಿಯನ್ನು ನೋಡಿದವರಿಗೂ ನೋಡದವರಿಗೂ, ಮಂಗಳವಾಗಲಿ.